ಓದುಗರ ಕಟ್ಟೆ: ಇದು ಕ್ಲಾಸಾ, ಮೀನುಪೇಟೆಯಾ?

ಹೋದ ಸಂಚಿಕೇಲಿ ಏನೋ ಬರೀತಾ ಬರೀತಾ "ಆ ಜನವೇ ಹಾಗೆ ಬಿಡಿ ಅನ್ನೋ ಮಾತು ನಮ್ಮ ಉತ್ತರ ಕನ್ನಡ ಜಿಲ್ಲೇಲಿ ಮುರುಗಲಿಗಿಂತ ಹುಲುಸಾಗಿ ಬೆಳೆಯತ್ತೆ" ಅಂತ ಒಂದು ಸಾಲು ಹಾಕಿಬಿಟ್ಟಿದ್ದೆ. ಅಷ್ಟೇ ಮಾರಾಯ್ರೆ, ಪತ್ರ, ವಾಟ್ಸಾಪು, ಒಬ್ಬರಂತೂ ಬಸ್ ಸ್ಟ್ಯಾಂಡಲ್ಲೇ ಹಿಡಿದು ಕೇಳಿದ್ರು. ಹಾಗಾಗಿ ಈ ಸಲ ಬಸಳೆ ಚಪ್ಪರದ ಹುಳ, ಪಿಂಚಣಿ ಫಾರ್ಮು, ಸೊಸೆ ಜೊತೆ ಮಾತು ಬಿಟ್ಟಿದ್ದು ಎಲ್ಲಾ ಮುಂದಿನ ಸಂಚಿಕೆಗೆ. ಇವತ್ತು ಇದೊಂದೇ, ಒಂದಿಡೀ ಜನಕ್ಕೆ ಒಂದೇ ಗುಣದ ಅಚ್ಚು ಹಾಕೋ ಮಾತು, ಅಂದ್ರೆ ಸ್ಟೀರಿಯೋಟೈಪು.

ಪ್ರಶ್ನೆ: ಮಗಳು ಎಂಟನೇ ಕ್ಲಾಸು. ಗಲಾಟೆ ಆದ್ರೆ ಟೀಚರ್ "ಇದು ಕ್ಲಾಸಾ, ಮೀನುಪೇಟೆಯಾ?" ಅಂತಾರಂತೆ. ನಮ್ಮತ್ತೆ ಮೂವತ್ತು ವರ್ಷ ಮೀನು ಮಾರಿ ಈ ಮನೆ ನಡೆಸಿದವರು. ಈಗ ಅಜ್ಜಿ ಬುಟ್ಟಿ ಹೊತ್ಕೊಂಡು ಶಾಲೆ ಕಡೆ ಬಂದ್ರೆ ಮಗಳು ಬೇರೆ ರಸ್ತೆ ಹಿಡೀತಾಳೆ. ಟೀಚರ್ ಕೆಟ್ಟವರಲ್ಲ, ಒಳ್ಳೇ ಪಾಠ ಮಾಡ್ತಾರೆ. ಮತ್ತೆ ಇಂಥಾ ಮಾತು ಎಲ್ಲಿಂದ ಬರತ್ತೆ? (ಕಾರವಾರದಿಂದ ಒಬ್ಬ ತಾಯಿ)

ಟೀಚರ್ ಕೆಟ್ಟವರಲ್ಲ ಅಂತ ನೀವೇ ಬರೆದಿದ್ದಕ್ಕೆ ಈ ಪತ್ರನ ಮೊದಲು ತಗೊಂಡೆ. ಯಾಕಂದ್ರೆ ಈ ಮಾತು ನಾನೂ ಆಡಿದೀನಿ, ಮನೇಲಿ ಮಕ್ಕಳು ಕಿರುಚಾಡಿದಾಗ, ಮತ್ತೆ ಆಡುವಾಗ ನನ್ನ ತಲೇಲಿ ಮೀನು ಮಾರೋ ಒಬ್ಬ ಹೆಂಗಸಿನ ಮುಖವೂ ಇರ್ಲಿಲ್ಲ.

ನಾವು, ಅಂದ್ರೆ ಮೀನು ತಿನ್ನೋರು ಆದ್ರೆ ಮಾರದೋರು, ನಿಮ್ಮತ್ತೆಯವರನ್ನ ನೋಡೋದು ಯಾವಾಗ ಹೇಳಿ? ಚೌಕಾಸಿ ಹೊತ್ತಲ್ಲಿ. ಅಷ್ಟೇ. ಅವರು ಬೆಳಿಗ್ಗೆ ಕತ್ತಲಿರುವಾಗ್ಲೇ ಬೈತಕೋಲ ಬಂದರಿಗೆ ಹೋಗಿ ಲಿಲಾವಲ್ಲಿ ನಿಂತು, ಯಾವ ಬೋಟಿನ ಬಂಗಡೆ ನಿನ್ನೇದು ಯಾವುದು ಇವತ್ತಿಂದು ಅಂತ ಕಿವಿರು ನೋಡಿ ತಿಳ್ಕೊಂಡು, ಸಾಲಕ್ಕೋ ರೊಕ್ಕಕ್ಕೋ ಹಿಡಿದು, ಐಸು ಹಾಕಿ, ಟೆಂಪೋದಲ್ಲಿ ಪಾಲು ಹಾಕ್ಕೊಂಡು ಪೇಟೆಗೆ ಬಂದು ಕೂರೋದು, ಇದ್ಯಾವುದನ್ನೂ ನಾವು ನೋಡಲ್ಲ. ನಾವು ಬರೋದು ಹತ್ತು ಗಂಟೆಗೆ, ಅವರು ನೂರಕ್ಕೆ ಎಂಟು ಅಂದ್ರೆ ನಾವು ಹನ್ನೆರಡು ಅನ್ನೋಕೆ. ಬಿಸಿಲು ಏರ್ತಾ ಇದೆ, ಐಸು ನೀರಾಗ್ತಾ ಇದೆ, ಪಕ್ಕದಲ್ಲಿ ಇನ್ನೂ ಇಪ್ಪತ್ತು ಜನ ಅದೇ ಬಂಗಡೆ ಇಟ್ಕೊಂಡು ಕೂತಿದಾರೆ. ಅಲ್ಲಿ ಮೆಲ್ಲಗೆ ಮಾತಾಡಿದ್ರೆ ಮೀನು ಉಳಿಯತ್ತೆ, ಉಳಿದ ಮೀನು ಸಂಜೆಗೆ ಗೊಬ್ಬರ. ಜೂನ್ 1ರಿಂದ ಜುಲೈ 31ರವರೆಗೆ ಬೋಟು ಕಡಲಿಗೆ ಇಳಿಯೋ ಹಾಗಿಲ್ಲ, ಒಣಮೀನೇ ಗತಿ, ಹಾಗಾಗಿ ಹತ್ತು ತಿಂಗಳಲ್ಲಿ ಹನ್ನೆರಡು ತಿಂಗಳ ಅಕ್ಕಿ ದುಡೀಬೇಕು. ಅದೇ ಬೀದೀಲಿ ಬಂಗಾರದಂಗಡಿಯವರು ಗಾದಿ ಮೇಲೆ ಕೂತು ಎಷ್ಟು ತಣ್ಣಗೆ ಮಾತಾಡ್ತಾರೆ ನೋಡಿ. ಬಂಗಾರ ಸಂಜೆಗೆ ಕೊಳೆಯಲ್ವಲ್ಲ!

ಹಾಗಾಗಿ ಆ ದನಿ ಇದೆಯಲ್ಲ, ಅದು ಕೆಲಸದ್ದು. ನಾವು ಅದನ್ನ ತಗೊಂಡು ಹೋಗಿ ಜನದ ಗುಣ ಅಂತ ಬರ್ಕೊಂಡ್ವಿ. ಇದನ್ನ ಅಮೆರಿಕದಲ್ಲಿ ಹಾಫ್‌ಮನ್ ಮತ್ತೆ ಹರ್ಸ್ಟ್ ಅಂತ ಇಬ್ಬರು 1990ರಲ್ಲಿ ಚೆಂದ ಮಾಡಿ ತೋರಿಸಿದ್ರು. ಜನರಿಗೆ ಒಂದು ಕಟ್ಟುಕಥೆ ಕೊಟ್ರು, ದೂರದ ಒಂದು ಗ್ರಹ, ಅಲ್ಲಿ ಎರಡು ಪಂಗಡ, ಒಂದರಲ್ಲಿ ಹೆಚ್ಚಿನವರು ಪೇಟೆ ಕೆಲಸದವರು, ಇನ್ನೊಂದರಲ್ಲಿ ಹೆಚ್ಚಿನವರು ಮಕ್ಕಳನ್ನ ಸಾಕೋರು. ಒಬ್ಬೊಬ್ಬರ ಸ್ವಭಾವ ಹೇಳುವಾಗ ಎರಡೂ ಕಡೆ ಸರೀ ಸಮ ಇರೋ ಹಾಗೆ ನೋಡ್ಕೊಂಡಿದ್ರು, ಯಾವ ಪಂಗಡವೂ ಹೆಚ್ಚು ಅಕ್ಕರೆಯದ್ದಲ್ಲ, ಯಾವುದೂ ಹೆಚ್ಚು ಗಡಸಲ್ಲ. ಆದ್ರೂ ಓದಿದವರು "ಮಕ್ಕಳನ್ನ ಸಾಕೋ ಪಂಗಡ ಹುಟ್ಟಾ ಮೃದು" ಅಂತ ಹೇಳಿದ್ರು. ಅದರಲ್ಲೂ "ಇವರಿಗೇ ಈ ಕೆಲಸ ಯಾಕೆ ಬಂತು ಅಂತ ಒಂದು ಕಾರಣ ಕೊಡಿ" ಅಂತ ಕೇಳಿದಾಗ ಇನ್ನೂ ಗಟ್ಟಿಯಾಗಿ ಹೇಳಿದ್ರು. ಕಾರಣ ಹುಡುಕೋಕೆ ಹೊರಟಾಗ ಮನುಷ್ಯನ ಸ್ವಭಾವ ಅನ್ನೋದು ಕೈಗೆ ಸುಲಭಕ್ಕೆ ಸಿಗೋ ಕಾರಣ ನೋಡಿ.

ಮತ್ತೆ ಮೀನುಪೇಟೇಲಿ ಮೇಷ್ಟ್ರುಗಳ ಬಗ್ಗೆ ಏನೂ ಮಾತಿಲ್ಲ ಅಂದ್ಕೋಬೇಡಿ, ಇದೆ, ನಾನು ಕೇಳಿದೀನಿ, ಇಲ್ಲಿ ಪ್ರಿಂಟ್ ಮಾಡೋ ಹಾಗಿಲ್ಲ. ಆದ್ರೆ ಆ ಮಾತಿಗೆ ಹೆದರಿ ಯಾವ ಮೇಷ್ಟ್ರ ಮಗನೂ ಅಪ್ಪನ್ನ ಕಂಡು ಬೇರೆ ರಸ್ತೆ ಹಿಡಿದಿಲ್ಲ. ಟೀಚರ್ ಆಡಿದ್ದು ನಲವತ್ತು ಮಕ್ಕಳ ಮುಂದೆ, ಮಾರ್ಕ್ಸು ಹಾಕೋ ಕೈ ಇಟ್ಕೊಂಡು.

ಅವರನ್ನ ಒಂದ್ಸಲ ಹೋಗಿ ನೋಡಿ, ಜಗಳಕ್ಕಲ್ಲ, ಅತ್ತೆ ಏನು ಮಾಡ್ತಿದ್ರು ಅಂತ ಹೇಳೋಕೆ. ಮಗಳಿಗೆ ಅಜ್ಜಿಯ ಒಂದು ದಿನದ ಲೆಕ್ಕ ಬರ್ಕೊಳ್ಳೋಕೆ ಹೇಳಿ, ಲಿಲಾವು ಎಷ್ಟು, ಐಸು ಎಷ್ಟು, ಟೆಂಪೋ, ಬಡ್ಡಿ, ಉದ್ರಿ ಕೊಟ್ಟಿದ್ದು, ಕೆಟ್ಟಿದ್ದು. ಪೆನ್ನಿಲ್ಲದೆ ತಲೇಲೇ ಮಾಡೋ ಲೆಕ್ಕ ಅದು. ಎಂಟನೇ ಕ್ಲಾಸಿನ ಲಾಭ ನಷ್ಟದ ಪಾಠ ಅದರ ಮುಂದೆ ಸಪ್ಪೆ.

ಪ್ರಶ್ನೆ: ನಮ್ಮದು ಆರು ಎಕರೆ ತೋಟ. ಅಜ್ಜನ ಕಾಲದಲ್ಲಿ ಅಡಿಕೆ ಕೊನೆ ಕೊಯ್ಯೋ ಕೊನೆಗೌಡ ಅಂದ್ರೆ ಮನೆಮಂದಿ ಥರ, ಎಂಥಾ ನಿಯತ್ತು. ಈಗ ಫೋನ್ ಮಾಡಿದ್ರೆ ಎತ್ತಲ್ಲ, ಎತ್ತಿದ್ರೆ ಮುಂದಿನ ವಾರ ಅಂತಾನೆ, ಸೊಕ್ಕು ಬಂದಿದೆ. ಇನ್ನೊಂದು, ನೀವು ಯಾವಾಗಲೂ ಮೇಲಿನವರು ಕೆಳಗಿನವರಿಗೆ ಅಂದಿದ್ದನ್ನೇ ಬರೀತೀರಿ. ನಮ್ಮನ್ನೂ "ಭಟ್ರು ಜಿಪುಣ್ರು, ಪುಳಿಚಾರು" ಅಂತ ಅಂತಾರಲ್ಲ, ಅದು ಲೆಕ್ಕಕ್ಕಿಲ್ವಾ? (ಶಿರಸಿ ಹತ್ತಿರದ ತೋಟಿಗರು)

ಇದೆ, ಲೆಕ್ಕಕ್ಕೆ ಇದೆ. ಅದೂ ಅಚ್ಚು ಹಾಕಿದ ಮಾತೇ, ಹೈಸ್ಕೂಲ್ ಹಾಸ್ಟೆಲಲ್ಲಿ ಅದನ್ನ ಕೇಳಿ ಅತ್ತ ಹುಡುಗರು ನನಗೆ ಗೊತ್ತು. ಆದ್ರೆ ಖರ್ಚಿನ ಪಟ್ಟಿ ಹಾಕಿ ನೋಡೋಣ. ಜಿಪುಣ ಅಂತ ಹೆಸರು ಬಿದ್ದಿದ್ದಕ್ಕೆ ಸೊಸೈಟೀಲಿ ನಿಮಗೆ ಸಾಲ ತಪ್ಪಿದೆಯಾ? ಶಿರಸೀಲಿ ಬಾಡಿಗೆ ಮನೆ ಕೇಳೋಕೆ ಹೋದಾಗ ಹೆಸರಿನ ಹಿಂದಿನ "ಹೆಗಡೆ", "ಭಟ್" ನೋಡಿ ಯಾರಾದ್ರೂ "ಮನೆ ಖಾಲಿ ಇಲ್ಲ" ಅಂದಿದಾರಾ? ಬಹಳ ಆದ್ರೆ ಮದುವೆ ಮನೇಲಿ ಒಂದು ನಗೆ. ಕೊನೆಗೌಡನ ಮಗ ಅದೇ ಶಿರಸೀಲಿ ರೂಮ್ ಹುಡುಕೋಕೆ ಹೋದಾಗ ಏನಾಗತ್ತೆ ಅಂತ ಅವನನ್ನೇ ಕೇಳಿ. ಎರಡೂ ಕಡೆ ಮಾತಿದೆ ನಿಜ, ಬಾಗಿಲು ಮುಚ್ಚೋ ಚಿಲಕ ಇರೋದು ಒಂದೇ ಕಡೆ.

ಈಗ ನಿಯತ್ತು, ಸೊಕ್ಕಿನ ವಿಷಯ. ನಿಮ್ಮ ಪತ್ರ ಮೂರು ಪುಟ ಇದೆ (ಮೇಲೆ ಹಾಕಿದ್ದು ಚೂರು), ಮೂರೂ ಪುಟದಲ್ಲಿ ಅವನ ಹೆಸರಿಲ್ಲ, "ಕೊನೆಗೌಡ" ಅಂತಲೇ ಇದೆ. ಕೊನೆ ಕೊಯ್ಯೋದು ಕೆಲಸ, ಅದೇ ಹೆಸರಾಯ್ತು. ಕೆಲಸವೇ ಹೆಸರಾದ ಮೇಲೆ ಕೆಲಸವೇ ಗುಣ ಆಗೋಕೆ ಎಷ್ಟೊತ್ತು? "ಅವರಿಗೆ ಮೈಬಲ, ನಮಗೆ ತಲೆ" ಅಂತ ನಮ್ಮಲ್ಲಿ ಹೇಳ್ತಾರಲ್ಲ, ನನಗೆ ನಗು ಬರತ್ತೆ. ಐವತ್ತು ಅಡಿ ಮೇಲೆ, ಒಂದು ಮರದಿಂದ ಇನ್ನೊಂದಕ್ಕೆ ದಾಟುತ್ತಾ, ಯಾವ ಕೊನೆ ಬಲಿತಿದೆ ಯಾವುದು ಇನ್ನೂ ಹದಿನೈದು ದಿನ ಬೇಕು ಅಂತ ನೋಡಿ, ಕೆಳಗೆ ಹಗ್ಗ ಹಿಡಿದವನಿಗೆ ಸರಿಯಾಗಿ ಜಾರಿಸಿ, ಮಳೆಗಾಲದಲ್ಲಿ ಅದೇ ಮರ ಹತ್ತಿ ಕೊನೆಗೆ ಮಳೆ ತಾಗದ ಹಾಗೆ ಕೊಟ್ಟೆ ಕಟ್ಟಿ, ಮದ್ದು ಹೊಡೆದು, ಜೀವ ಉಳಿಸ್ಕೊಂಡು ಕೆಳಗೆ ಬರೋದಕ್ಕೆ ತಲೆ ಬೇಡ್ವಾ? ಒಂದು ದಿನ ಹತ್ತಿ ನೋಡಿ ಅಂತ ಹೇಳಲ್ಲ, ನಿಮ್ಮ ವಯಸ್ಸು ಪತ್ರದಲ್ಲಿ ಬರೆದಿದೀರಿ.

ಸುಸಾನ್ ಫಿಸ್ಕ್ ಅಂತ ಮನಶ್ಶಾಸ್ತ್ರದವರು, 1993ರಲ್ಲಿ ಒಂದು ಸಂಗತಿ ಎತ್ತಿ ತೋರಿಸಿದ್ರು. ಗಮನ ಯಾವಾಗಲೂ ಕೆಳಗಿನಿಂದ ಮೇಲಕ್ಕೆ ಹೋಗತ್ತೆ. ಯಾರ ಕೈಲಿ ನಮ್ಮ ಅನ್ನ ಇದೆಯೋ ಅವರನ್ನ ನಾವು ಒಬ್ಬೊಬ್ಬರಾಗಿ, ಸೂಕ್ಷ್ಮವಾಗಿ ನೋಡ್ತೀವಿ, ಯಾಕಂದ್ರೆ ನೋಡ್ಲೇಬೇಕು. ಮೇಲಿರೋರಿಗೆ ಆ ಗರಜಿಲ್ಲ, ಒಂದು ಅಚ್ಚು ಸಾಕು, "ಅವರು ಹಾಗೇ" ಅಂದ್ರೆ ಕೆಲಸ ನಡೆಯತ್ತೆ. ಇದನ್ನ ನಮ್ಮ ಅಡಿಕೆ ಸುಲಿಯೋ ಚಪ್ಪರದಲ್ಲೇ ನೋಡ್ಬೋದು. ಮೆಟ್ಟುಗತ್ತಿ ಮುಂದೆ ಕೂತ ಹೆಂಗಸಿಗೆ ಯಜಮಾನ್ರಿಗೆ ಶುಗರ್ ಎಷ್ಟಿದೆ, ಅಮ್ಮನಿಗೆ ಯಾವ ದಿನ ಸಿಟ್ಟು, ದೊಡ್ಡ ಮಗ ಬೆಂಗಳೂರಿಂದ ಬಂದು ಯಾಕೆ ಮುಖ ಊದಿಸ್ಕೊಂಡಿದಾನೆ ಎಲ್ಲಾ ಗೊತ್ತಿರತ್ತೆ. ಆ ಹೆಂಗಸಿಗೆ ಎಷ್ಟು ಮಕ್ಕಳು ಅಂತ ಯಜಮಾನ್ರನ್ನ ಕೇಳಿ, ಒಳಗೆ ಹೆಂಡತಿಯನ್ನ ಕರೀತಾರೆ.

ಇನ್ನು ಗುಣ ಬದಲಾಯ್ತು ಅಂತೀರಲ್ಲ, ಬದಲಾಗಿದ್ದು ಏನು ಅಂತ ನೋಡಿ. ಅಜ್ಜನ ಕಾಲದಲ್ಲಿ ಅವನಿಗೆ ಹೋಗೋಕೆ ಬೇರೆ ಜಾಗ ಇರ್ಲಿಲ್ಲ. ನಿಮ್ಮ ಮನೆ ಅಕ್ಕಿ, ನಿಮ್ಮ ಮನೆ ಸಾಲ, ನಿಮ್ಮ ಜಾಗದಲ್ಲೇ ಬಿಡಾರ. ಆಗ "ಕರೆದ ತಕ್ಷಣ ಬರ್ತಾನೆ" ಅಂದ್ರೆ ಅದಕ್ಕೆ ನಿಯತ್ತು ಅಂತ ಹೆಸರು. ಈಗ ಹತ್ತು ತೋಟದವರು ಅವನೊಬ್ಬನನ್ನೇ ಕಾಯ್ತಾರೆ, ಅವನ ಮಗ ಹುಬ್ಬಳ್ಳೀಲೋ ಗೋವಾದಲ್ಲೋ ಇದಾನೆ, ನೆಲದಿಂದಲೇ ಕೊಯ್ಯೋ ಫೈಬರ್ ದೋಟಿ ಬಂದ್ರೂ ಅದನ್ನ ಹಿಡಿಯೋಕೂ ಕಲಿತ ಕೈ ಬೇಕು. ಒಂದು ವಾರ ಕಾಯ್ಸಿದ್ರೆ ಸೊಕ್ಕು ಅಂತ ಹೆಸರು. ನಿಮ್ಮ ಮಗ ಕಂಪ್ನಿ ಬದಲಿಸಿ ಡಬಲ್ ಸಂಬಳ ತಗೊಂಡ ಅಂತ ನೀವೇ ಪತ್ರದಲ್ಲಿ ಖುಷಿಯಿಂದ ಬರೆದಿದೀರಿ, ಅದಕ್ಕೆ ಬೇರೆ ಹೆಸರಿದೆ, ಡಿಮ್ಯಾಂಡು.

ಇದು ಮೊದಲ ಸಲವೂ ಅಲ್ಲ. 1974ರ ಭೂಸುಧಾರಣೆ ಬಂದಾಗ ಘಟ್ಟದ ಕೆಳಗೂ ಮೇಲೂ ಏನಾಯ್ತು ಅಂತ ಹಿರಿಯರಿಗೆ ನೆನಪಿರತ್ತೆ. ಉಳೋ ಗದ್ದೆ ತನಗೇ ಸೇರ್ಬೇಕು ಅಂತ ಫಾರ್ಮ್ ನಂಬರ್ 7 ತುಂಬಿ ಟ್ರಿಬ್ಯೂನಲ್ಲಿಗೆ ಡಿಕ್ಲರೇಶನ್ ಕೊಟ್ಟ ಗೇಣಿದಾರ ಹಿಂದಿನ ದಿನದವರೆಗೆ "ಪಾಪದ ಮನುಷ್ಯ, ನಂಬಿಗಸ್ತ", ಕೊಟ್ಟ ಮರುದಿನದಿಂದ "ಉಂಡ ಮನೆಗೆ ಎರಡು ಬಗೆದವ". ಮನುಷ್ಯ ಅವನೇ, ಗದ್ದೆ ಅದೇ. ಫಿಸ್ಕ್ ಮತ್ತವರ ಜೊತೆಯವರು 2002ರಲ್ಲಿ ಹೇಳಿದ್ದೂ ಇದನ್ನೇ, ಅಂದ್ರೆ ನಾವು ಇನ್ನೊಂದು ಗುಂಪನ್ನ ಎರಡು ತಕ್ಕಡೀಲಿ ತೂಗ್ತೀವಿ, ಒಳ್ಳೇವರಾ, ಕೈಲಾಗೋರಾ ಅಂತ. ಕೈಲಾಗೋರಾ ಅನ್ನೋದು ಅವರ ಅಂತಸ್ತಿನ ಮೇಲೆ ಹೋಗತ್ತೆ, ಒಳ್ಳೇವರಾ ಅನ್ನೋದು ನಮಗೆ ಪೈಪೋಟಿ ಕೊಡ್ತಾರಾ ಇಲ್ವಾ ಅನ್ನೋದರ ಮೇಲೆ. ಕೆಳಗಿದ್ದು ಪೈಪೋಟಿ ಇಲ್ಲ ಅಂದ್ರೆ "ಪಾಪ, ಒಳ್ಳೇ ಜನ, ಆದ್ರೆ ಬುದ್ಧಿ ಕಮ್ಮಿ". ಎದ್ದು ನಿಂತು ಕೂಲಿ ಕೇಳಿದ್ರೆ ಒಳ್ಳೇತನ ಆವತ್ತೇ ಆವಿ.

ಸಿಟ್ಟಾಗ್ಬೇಡಿ, ನಿಮ್ಮ ಮನೆ ಅಪ್ಪೆಹುಳಿ ಉಂಡವರೇ ಇದನ್ನ ಬರೀತಿರೋದು ಅಂದ್ಕೊಳ್ಳಿ. ಮುಂದಿನ ಸಲ ಫೋನ್ ಮಾಡುವಾಗ ಹೆಸರು ಹಿಡಿದು ಕರೀರಿ, ಜೊತೆಗೆ ಹೋದ ವರ್ಷದ ಬಾಕಿ ಇದ್ರೆ ಅದನ್ನೂ ಕೊಡಿ. ಎತ್ತಬೋದು.

ಪ್ರಶ್ನೆ: ಬೆಂಗಳೂರಲ್ಲಿ ಉತ್ತರ ಕನ್ನಡದವ ಅಂದ್ರೆ "ಓ, ಜೋಳದ ರೊಟ್ಟಿ ಕಡೆಯವ್ರಾ, ನಿಮ್ಮ ಭಾಷೆ ಖಡಕ್ ಇಲ್ವಲ್ಲ" ಅಂತಾರೆ. ಇದೂ ಸ್ಟೀರಿಯೋಟೈಪಾ? (ಹೊನ್ನಾವರ ಮೂಲ, ಈಗ ಬೆಂಗಳೂರು)

ಇದು ಭೂಗೋಳದಲ್ಲಿ ಫೇಲು. ಉತ್ತರ ಕರ್ನಾಟಕ ಬೇರೆ, ಉತ್ತರ ಕನ್ನಡ ಬೇರೆ ಅಂತ ಹೇಳಿ ಒಂದು ಡಬ್ಬಿ ಕೊಟ್ಟೆಕಡುಬು ಕೊಡಿ. (ಆದ್ರೆ ಜೋಳದ ರೊಟ್ಟಿಯವರು ಅಂದ್ರೆ ಒರಟು ಅಂತ ಅವರು ಮೊದಲೇ ನಿರ್ಧಾರ ಮಾಡ್ಕೊಂಡಿದ್ರಲ್ಲ, ಸ್ಟೀರಿಯೋಟೈಪು ಅದು. ನಿಮ್ಮ ಮೇಲೆ ತಪ್ಪಿ ಬಿತ್ತು ಅಷ್ಟೇ.)

ಪ್ರಶ್ನೆ: ನಾನು ಶಾಲೇಲಿ ಆಟದ ಮೇಷ್ಟ್ರು. ಸಿದ್ದಿ ಮಕ್ಕಳು ಹುಟ್ಟಾ ಓಟಗಾರರು ಅಂತ ಹೇಳಿ ಅವರನ್ನ ಮುಂದೆ ತರ್ತೀನಿ. ಒಬ್ಬ ಪೋಷಕರು ಇದಕ್ಕೇ ಬೇಜಾರು ಮಾಡ್ಕೊಂಡ್ರು. ಹೊಗಳಿದ್ರೂ ತಪ್ಪಾ? (ಯಲ್ಲಾಪುರ)

ಸರ್, ನಿಮ್ಮ ಮನಸ್ಸು ಒಳ್ಳೇದು ಅನ್ನೋದರಲ್ಲಿ ಅನುಮಾನ ಇಲ್ಲ. ಆದ್ರೆ ಈ ಪ್ರಯೋಗ ಒಂದ್ಸಲ ಸರ್ಕಾರವೇ ಮಾಡಿ ನೋಡಿದೆ. 1980ರ ದಶಕದ ಕೊನೇಲಿ ಭಾರತೀಯ ಕ್ರೀಡಾ ಪ್ರಾಧಿಕಾರದವರು ಸ್ಪೆಷಲ್ ಏರಿಯಾ ಗೇಮ್ಸ್ ಅನ್ನೋ ಯೋಜನೇಲಿ ಸಿದ್ದಿ ಮಕ್ಕಳನ್ನ ಆರಿಸಿ ಕರ್ಕೊಂಡು ಹೋದ್ರು, ಪೂರ್ವಜರು ಆಫ್ರಿಕಾದವರು, ಆಫ್ರಿಕಾದವರು ಒಲಿಂಪಿಕ್ಸಲ್ಲಿ ಓಡ್ತಾರೆ, ಹಾಗಾಗಿ ಇವರೂ ಓಡ್ತಾರೆ ಅಂತ. ಕೆಲವರು ನಿಜಕ್ಕೂ ರಾಷ್ಟ್ರಮಟ್ಟದಲ್ಲಿ ಪದಕ ತಂದ್ರು. ಕೆಲವೇ ವರ್ಷಕ್ಕೆ ಸಿದ್ದಿಗಳ ಆ ಯೋಜನೆ ನಿಂತೋಯ್ತು, ಎಷ್ಟೋ ಮಕ್ಕಳು ಓದೂ ಅರ್ಧ ಓಟವೂ ಅರ್ಧ ಆಗಿ ಕಾಡಿನ ಊರಿಗೆ ವಾಪಸ್ ಬಂದ್ರು.

ಹೊಗಳಿಕೆ ಅನ್ನೋ ಪೆಟ್ಟಿಗೇನೂ ಪೆಟ್ಟಿಗೇನೇ. ಅದರಲ್ಲಿ ಕಾಲು ಮಾತ್ರ ಹಿಡಿಸತ್ತೆ. ಇವರ ಹಿರಿಯರನ್ನ ಪೋರ್ಚುಗೀಸರು ಗೋವಾಕ್ಕೆ ಗುಲಾಮರಾಗಿ ತಂದಿದ್ರು, ಅಲ್ಲಿಂದ ತಪ್ಪಿಸ್ಕೊಂಡು ನಮ್ಮ ಕಾಡು ಸೇರಿದವರೂ ಇದ್ರು, ಆವತ್ತೂ ಇವರನ್ನ ತಂದವರು ನೋಡಿದ್ದು ಮೈಕಟ್ಟನ್ನೇ. ಇವತ್ತಿನ ಸಿದ್ದಿಗಳಲ್ಲಿ ಹಿಂದೂಗಳಿದಾರೆ, ಮುಸ್ಲಿಮರಿದಾರೆ, ಕ್ರೈಸ್ತರಿದಾರೆ, ಮನೇಲಿ ಕೊಂಕಣಿ, ಪೇಟೇಲಿ ಕನ್ನಡ, ಹಳಿಯಾಳ ಕಡೆ ಮರಾಠಿ. ನಮ್ಮ ಜಿಲ್ಲೆಯ ಸಿದ್ದಿಗಳಿಗೆ ಪರಿಶಿಷ್ಟ ಪಂಗಡದ ಸ್ಥಾನ ಸಿಕ್ಕಿದ್ದು 2003ರಲ್ಲಿ, 2020ರಲ್ಲಿ ಶಾಂತಾರಾಮ ಸಿದ್ದಿ ವಿಧಾನ ಪರಿಷತ್ತಿಗೆ ಹೋದ್ರು, ಈ ಸಮುದಾಯದಿಂದ ಶಾಸನಸಭೆಯಲ್ಲಿ ಕೂತ ಮೊದಲಿಗರು. ಅವರು ಓಡಿ ಅಲ್ಲಿಗೆ ಮುಟ್ಟಿದ್ದಲ್ಲ.

ಓಡೋ ಮಗುನ ಓಡ್ಸಿ ಸರ್, ಖಂಡಿತ. ಅವನು ಓಡ್ತಾನೆ ಅಂತ ಓಡ್ಸಿ, ಸಿದ್ದಿ ಅಂತ ಅಲ್ಲ. ಓಟ ಬರದ ಸಿದ್ದಿ ಮಗು ಗ್ರೌಂಡಿನ ಮೂಲೇಲಿ ಎಷ್ಟು ಸಣ್ಣ ಆಗಿ ನಿಂತಿರತ್ತೆ ಅಂತ ಒಂದ್ಸಲ ನೋಡಿ. ಮತ್ತೆ ಗಣಿತದ ಮೇಷ್ಟ್ರನ್ನೂ ಕೇಳಿ, ಅವರು ಯಾರನ್ನ "ಹುಟ್ಟಾ" ಅಂತ ಕರೀತಾರೆ ಅಂತ.

ಪ್ರಶ್ನೆ: ಬೆಂಕಿ ಇಲ್ದೆ ಹೊಗೆ ಬರತ್ತಾ? ಕೆಲವು ಜನರ ಬಗ್ಗೆ ಊರೆಲ್ಲಾ ಒಂದೇ ಮಾತು ಹೇಳ್ತಾರೆ ಅಂದ್ರೆ ಸ್ವಲ್ಪವಾದ್ರೂ ನಿಜ ಇರ್ಲೇಬೇಕಲ್ಲ? (ಮುಂಡಗೋಡ)

ಬರತ್ತೆ. ಹಸಿ ಸೊಪ್ಪು ಹಾಕಿದ್ರೆ ಬೆಂಕಿಗಿಂತ ಹೊಗೆಯೇ ಜಾಸ್ತಿ, ನಿಮ್ಮ ಕಡೆ ಕೊಟ್ಟಿಗೇಲಿ ಸೊಳ್ಳೆಗೆ ಹಾಕ್ತೀರಲ್ಲ.

1871ರಲ್ಲಿ ಬ್ರಿಟಿಷರು ಕ್ರಿಮಿನಲ್ ಟ್ರೈಬ್ಸ್ ಆಕ್ಟ್ ಅಂತ ಮಾಡಿ ಕೆಲವು ಪಂಗಡಗಳನ್ನ ಇಡಿಯಾಗಿ ಅಪರಾಧಿಗಳು ಅಂತ ರಿಜಿಸ್ಟರಲ್ಲಿ ಬರ್ಕೊಂಡ್ರು. ಮಾಡಿದ್ದಕ್ಕಲ್ಲ, ಆ ಪಂಗಡದಲ್ಲಿ ಹುಟ್ಟಿದ್ದಕ್ಕೆ. ಎಷ್ಟೋ ಜನ ಊರೂರು ತಿರುಗೋರು, ಕೆಲವರು ಉಪ್ಪು ಧಾನ್ಯ ಎತ್ತಿನ ಮೇಲೆ ಸಾಗಿಸೋರು, ರೈಲು ಬಂದ ಮೇಲೆ ಆ ದಂಧೆಯೂ ಹೋಯ್ತು. ಠಾಣೆಗೆ ಹಾಜರಿ ಹಾಕ್ಬೇಕು, ಪಾಸ್ ಇಲ್ದೆ ಊರು ಬಿಡೋ ಹಾಗಿಲ್ಲ. ಈಗ ಲೆಕ್ಕ ಹಾಕಿ, ಎಲ್ಲಿ ಕಳವಾದ್ರೂ ಪೊಲೀಸರು ಮೊದಲು ಹುಡುಕೋದು ಅವರ ಬಿಡಾರ, ಹುಡುಕಿದ ಕಡೆಯೇ ತಾನೆ ಸಿಗೋದು, ಪಾಸಿಲ್ದೆ ಹೋಗಿದ್ದೂ ಅಪರಾಧವೇ, ವರ್ಷದ ಕೊನೆಗೆ ರಿಪೋರ್ಟಲ್ಲಿ "ನೋಡಿ, ಇವರ ಮೇಲೆ ಎಷ್ಟು ಕೇಸು". ಕಾನೂನು ರದ್ದಾಗಿದ್ದು 1952ರಲ್ಲಿ. ನಿಮಗೆ ಹತ್ತಿರದ ಹುಬ್ಬಳ್ಳೀಲಿ ಅವರನ್ನ ಬೇಲಿ ಒಳಗೆ ಇಟ್ಟ ಜಾಗಕ್ಕೆ ಇವತ್ತಿಗೂ ಸೆಟ್ಲ್‌ಮೆಂಟ್ ಅಂತಲೇ ಹೆಸರು.

ಇನ್ನೊಂದು, ನಮ್ಮ ನೆನಪೂ ಕಳ್ಳಲೆಕ್ಕ ಬರೆಯತ್ತೆ. ಹ್ಯಾಮಿಲ್ಟನ್, ಗಿಫರ್ಡ್ ಅಂತ ಇಬ್ಬರು 1976ರಲ್ಲಿ ಒಂದು ದೊಡ್ಡ ಗುಂಪು ಒಂದು ಸಣ್ಣ ಗುಂಪು ಇಟ್ಕೊಂಡು ಎರಡರಲ್ಲೂ ಒಳ್ಳೇ ಕೆಲಸ ಕೆಟ್ಟ ಕೆಲಸದ ಪ್ರಮಾಣ ಒಂದೇ ಇರೋ ಹಾಗೆ ಜನರಿಗೆ ಓದಿಸಿದ್ರು. ಓದಿದವರಿಗೆ ನೆನಪಲ್ಲಿ ಉಳಿದಿದ್ದು ಸಣ್ಣ ಗುಂಪಿನವರ ಕೆಟ್ಟ ಕೆಲಸ. ಅಪರೂಪದ ಜನ, ಅಪರೂಪದ ಕೆಲಸ, ಎರಡೂ ಒಟ್ಟಿಗೆ ಬಂದ್ರೆ ಕಣ್ಣಿಗೆ ಹೊಡೆಯತ್ತೆ. ನಮ್ಮವನೇ ತೆಂಗಿನಕಾಯಿ ಕದ್ರೆ ಅದು ಅವನೊಬ್ಬನ ಚಟ, ಗುಡ್ಡದಾಚೆ ಬಿಡಾರದವ ಕದ್ರೆ ಅದು ಬಿಡಾರದ್ದು.

ಪ್ರಶ್ನೆ: ನಾವು ಸೀಬರ್ಡ್ ನೌಕಾನೆಲೆ ಯೋಜನೆಗೆ ಜಾಗ ಕಳ್ಕೊಂಡ ನಿರಾಶ್ರಿತರು. ಊರವರು "ಇವರಿಗೆ ಗವರ್ನಮೆಂಟ್ ದುಡ್ಡು ಸಿಕ್ಕಿತ್ತು, ಕುಡಿದು ಹಾಳು ಮಾಡಿದ್ರು, ಈಗಲೂ ಕೈ ಚಾಚ್ತಾರೆ" ಅಂತಾರೆ. ಏನು ಉತ್ತರ ಕೊಡೋದು? (ಕಾರವಾರ ತಾಲೂಕು)

1986ರಲ್ಲಿ ಪ್ರಧಾನಿ ರಾಜೀವ್ ಗಾಂಧಿ ಬಂದು ಅಡಿಗಲ್ಲು ಹಾಕಿದ್ರು, 2005ರಲ್ಲಿ ಕದಂಬ ನೌಕಾನೆಲೆ ಶುರುವಾಯ್ತು. ಮಧ್ಯದಲ್ಲಿ ಎಷ್ಟೋ ವರ್ಷ ನೀವು ಮನೆ ಕಟ್ಟಬೇಕೋ ಬೇಡ್ವೋ, ಮಗಳಿಗೆ ಗಂಡು ನೋಡುವಾಗ ಊರು ಯಾವುದು ಅಂತ ಹೇಳ್ಬೇಕು, ಏನೂ ಗೊತ್ತಿಲ್ದೆ ಕೂತಿದ್ರಿ. ಆಮೇಲೆ ತೋಡೂರು, ಮುದಗಾ ಹೀಗೆ ಕಾಲೊನಿಗಳು, ಸೈಟು, ಪರಿಹಾರ, ಪರಿಹಾರ ಕಮ್ಮಿ ಅಂತ ಕೋರ್ಟು. ಕಂತು ಕಂತಲ್ಲಿ ಬಂದ ದುಡ್ಡು ಕಂತು ಕಂತಲ್ಲೇ ಹೋಗತ್ತೆ, ವಕೀಲರಿಗೆ, ಮದುವೆಗೆ, ಹಳೇ ಸಾಲಕ್ಕೆ. ಮನೆ ಹಿಂದೆಯೇ ಕಡಲಿದ್ದವನಿಗೆ ಬಲೆ ಒಂದು ಬ್ಯಾಂಕು, ಬೆಳಿಗ್ಗೆ ಬೀಸಿದ್ರೆ ಮಧ್ಯಾಹ್ನದ ಸಾರು. ಕಡಲಿಂದ ದೂರ ಸೈಟು ಕೊಟ್ರೆ ಆ ಬ್ಯಾಂಕಿನ ಪಾಸ್‌ಬುಕ್ಕು ಹರಿದಂಗೆ.

ಕುಡಿದು ಹಾಳು ಮಾಡಿದವರು ಇರ್ಬೋದು. ರಿಟೈರ್ಡ್ ಆದಾಗ ಬಂದ ಗ್ರಾಚುಟಿಯನ್ನ ಶೇರಲ್ಲಿ, ಚೀಟೀಲಿ ಹಾಳು ಮಾಡಿದ ಆಫೀಸರುಗಳೂ ನನಗೆ ಗೊತ್ತು, ಅವರನ್ನ ನೋಡಿ ಯಾರೂ "ಆಫೀಸರ್ ಜನವೇ ಹಾಗೆ" ಅಂದಿಲ್ಲ, ಪಾಪ ಮೋಸಹೋದ ಅಂದ್ರು. ನಮ್ಮವರು ಬಿದ್ರೆ ರಸ್ತೆ ಸರಿ ಇಲ್ಲ, ಅವರು ಬಿದ್ರೆ ನಡೆಯೋಕೆ ಬರಲ್ಲ. ಮತ್ತೆ ಈ ಮಾತಿಂದ ಊರವರಿಗೊಂದು ಲಾಭವೂ ಇದೆ. ನಿಮ್ಮದು ನಿಮ್ಮ ತಪ್ಪೇ ಅಂತಾದ್ರೆ, ನಿಮ್ಮ ಜಾಗ ಹೋಗಿದ್ದಕ್ಕೆ ಬಂದ ರಸ್ತೆ, ಕೆಲಸ, ಬಾಡಿಗೆ ಇದನ್ನೆಲ್ಲಾ ಅನುಭವಿಸೋವಾಗ ಮನಸ್ಸಿಗೆ ಚುಚ್ಚಲ್ಲ.

ಉತ್ತರ ಏನು ಕೊಡೋದು ಅಂದ್ರಾ? ಎಲ್ಲರಿಗೂ ಕೊಡ್ತಾ ಕೂರೋಕೆ ನಿಮಗೇನು ಸಂಬಳ ಇದೆಯಾ. ನಿಮ್ಮ ಹಳೇ ಊರಿನ ಮನೆ, ತೆಂಗು, ದೇವಸ್ಥಾನ ಎಲ್ಲೆಲ್ಲಿತ್ತು ಅಂತ ಹಿರಿಯರು ಇರುವಾಗ್ಲೇ ಒಂದು ನಕ್ಷೆ ಬರೆಸಿ ಇಟ್ಕೊಳ್ಳಿ.

ಪ್ರಶ್ನೆ: ನಮ್ಮದು ಹಾಲಕ್ಕಿ ಸಮುದಾಯ, ನಾನು ಬಿಎ ಎರಡನೇ ವರ್ಷ. ಬೇರೆಯವರು ಹೇಳೋದಿರ್ಲಿ, ನಮ್ಮಜ್ಜಿಯೇ "ನಮ್ಮ ಜನಕ್ಕೆ ಓದು ಹತ್ತೂದಿಲ್ಲ ಮಗಾ" ಅಂತಾಳೆ. ಇದಕ್ಕೆ ಏನಂತೀರಿ? ಇನ್ನೊಂದು, ನೀವೇ ಎರಡು ವರ್ಷದ ಹಿಂದೆ ಇದೇ ಕಟ್ಟೇಲಿ "ಅಂಕೋಲೆಯ ಮುಗ್ಧ ಹಾಲಕ್ಕಿಗಳು" ಅಂತ ಬರೆದಿದ್ರಿ. ನಾನು ಕತ್ತರಿಸಿ ಇಟ್ಕೊಂಡಿದೀನಿ. (ಅಂಕೋಲಾ)

ಮೊದಲನೇದಕ್ಕೆ ಉತ್ತರ ಕೊಡೋದು ಸುಲಭ, ಅದನ್ನೇ ಮೊದಲು ಮುಗಿಸ್ತೀನಿ.

ಕಾರ್ಲಾ ಹಾಫ್ ಮತ್ತೆ ಪ್ರಿಯಾಂಕಾ ಪಾಂಡೆ ಉತ್ತರ ಪ್ರದೇಶದ ಹಳ್ಳೀಲಿ ಆರು, ಏಳನೇ ಕ್ಲಾಸಿನ ಹುಡುಗರಿಗೆ ಕಾಗದದ ಮೇಲಿನ ಚಕ್ರವ್ಯೂಹದಂಥ ದಾರಿ ಬಿಡಿಸೋ ಆಟ ಕೊಟ್ರು, ಬಿಡಿಸಿದ್ದಕ್ಕೆ ದುಡ್ಡು. 321 ಮೇಲ್ಜಾತಿ ಹುಡುಗರು, 321 ಕೆಳಜಾತಿ ಹುಡುಗರು. ಜಾತಿ ಹೇಳದೆ ಆಡಿಸಿದಾಗ ಇಬ್ಬರೂ ಹೆಚ್ಚುಕಮ್ಮಿ ಸಮ. ಆಟಕ್ಕೆ ಮೊದಲು ಹೆಸರು, ಅಪ್ಪನ ಹೆಸರು, ಅಜ್ಜನ ಹೆಸರು, ಜಾತಿ ಎಲ್ಲರ ಮುಂದೆ ಓದಿ ಹೇಳಿದಾಗ ಕೆಳಜಾತಿಯ ಹುಡುಗರು ಬಿಡಿಸಿದ್ದು ಕಮ್ಮಿಯಾಯ್ತು. ಇದು 2006ರಲ್ಲಿ ಅಚ್ಚಾಗಿದೆ. ಹಾಜರಿ ಕರೆದ ಅಷ್ಟೊತ್ತಲ್ಲಿ ಯಾರ ಮಿದುಳೂ ಸಣ್ಣ ಆಗಲ್ಲ, ಆಗಿದ್ದು ಏನಂದ್ರೆ ಇಲ್ಲಿ ನಾನು ಗೆದ್ರೂ ನನಗೆ ಕೊಡ್ತಾರಾ ಅನ್ನೋ ಅನುಮಾನ ಹುಡುಗನ ಪಕ್ಕ ಬಂದು ಕೂತಿರ್ಬೇಕು. ನಿಮ್ಮಜ್ಜಿಗೆ ಆ ಅನುಮಾನ ಎಪ್ಪತ್ತು ವರ್ಷದ್ದು. ಒಡೆಯರ ಗದ್ದೇಲಿ ದುಡಿಯುವಾಗ ಮಗನ್ನ ಶಾಲೆಗೆ ಕಳಿಸ್ತೀನಿ ಅಂದಿದ್ರೆ ಏನು ಕೇಳ್ಬೇಕಾಗ್ತಿತ್ತು ಅಂತ ಅವಳಿಗೆ ಗೊತ್ತು. "ಓದು ಹತ್ತೂದಿಲ್ಲ" ಅಂದ್ಕೊಂಡ್ರೆ "ಓದಿಸೋಕೆ ಬಿಡ್ಲಿಲ್ಲ" ಅನ್ನೋದಕ್ಕಿಂತ ರಾತ್ರಿ ನಿದ್ದೆ ಚೆನ್ನಾಗಿ ಬರತ್ತೆ. ಅಜ್ಜಿ ಮೇಲೆ ಸಿಟ್ಟು ಮಾಡ್ಕೋಬೇಡಿ. ರಿಸಲ್ಟ್ ಬಂದಾಗ ಮಾರ್ಕ್ಸ್ ಕಾರ್ಡ್ ಅವಳ ಕೈಲಿ ಕೊಟ್ಟು ಓದಿ ಹೇಳಿ.

ಈಗ ಎರಡನೇದು. ಹಳೇ ಸಂಚಿಕೆ ತೆಗೆದು ನೋಡಿದೆ, ಹೌದು, ಬರೆದಿದೀನಿ. ಸುಕ್ರಜ್ಜಿ ಬಗ್ಗೆ ಬರೀತಾ "ಮುಗ್ಧ ಹಾಲಕ್ಕಿಗಳು" ಅಂದಿದೀನಿ. ಸುಕ್ರಿ ಬೊಮ್ಮಗೌಡ, 2017ರ ಪದ್ಮಶ್ರೀ, ತಲೇಲಿ ಅಷ್ಟೊಂದು ಹಾಡು ಇಟ್ಕೊಂಡವರು, ಸಾರಾಯಿ ವಿರುದ್ಧ ಹೆಂಗಸರನ್ನ ಕಟ್ಕೊಂಡು ಬೀದಿಗಿಳಿದವರು. ಸಾರಾಯಿ ಕಾಂಟ್ರಾಕ್ಟಿನವರ ಎದುರು ನಿಲ್ಲೋಕೆ ಮುಗ್ಧತೆ ಸಾಕಾಗಲ್ಲ, ಲೋಕ ಗೊತ್ತಿರ್ಬೇಕು. ಅದೇ ಸಮುದಾಯದ, ಹೊನ್ನಳ್ಳಿಯ ತುಳಸಿ ಗೌಡ 2021ರಲ್ಲಿ ರಾಷ್ಟ್ರಪತಿ ಭವನಕ್ಕೆ ಹೋದಾಗ ಎಲ್ಲಾ ಕಡೆ ಬಂದ ಹೆಡ್ಡಿಂಗು "ಬರಿಗಾಲಲ್ಲಿ ಪದ್ಮಶ್ರೀ". ಯಾವ ಮರ ತಾಯಿಮರ, ಅದರ ಬೀಜ ಯಾವಾಗ ಎತ್ತಬೇಕು, ಹೇಗೆ ಮೊಳೆಸ್ಬೇಕು ಅಂತ ಅರಣ್ಯ ಇಲಾಖೆ ನರ್ಸರೀಲಿ ದಿನಗೂಲಿಗೆ ದುಡಿದು ದುಡಿದು ಗಳಿಸಿದ ವಿದ್ಯೆ ಅವರದ್ದು, ಅದು ಸಣ್ಣಕ್ಷರದಲ್ಲಿ ಬಂತು, ಕಾಲು ದಪ್ಪಕ್ಷರದಲ್ಲಿ. ಪೇಟೆಯ ಒಬ್ಬ ಡಿಗ್ರಿಯವರು ಇಷ್ಟು ತಿಳ್ಕೊಂಡಿದ್ರೆ ತಜ್ಞರು ಅಂತಿದ್ವಿ, ಅವರ ಚಪ್ಪಲಿ ಯಾವ ಕಂಪ್ನಿದು ಅಂತ ಯಾರೂ ಬರೀತಿರ್ಲಿಲ್ಲ.

"ಮುಗ್ಧ" ಅನ್ನೋ ಪದ ನನ್ನ ಕೈಗೆ ಹೇಗೆ ಬಂತು ಅಂತ ಯೋಚಿಸಿದೆ. ನಮ್ಮನೇಲಿ ಗದ್ದೆ ನಟ್ಟಿಗೆ ಬರ್ತಿದ್ದ ಹಾಲಕ್ಕಿ ಹೆಂಗಸರು ನಮ್ಮಮ್ಮನ ಎದುರು ಜಾಸ್ತಿ ಮಾತಾಡ್ತಿರ್ಲಿಲ್ಲ, ಕೊಟ್ಟಷ್ಟು ತಗೊಂಡು ಹೋಗ್ತಿದ್ರು. ನಾನು ಅದನ್ನ ನೋಡಿದ್ದು ಜಗಲಿ ಮೇಲೆ ಕೂತು. ಅವರು ಗದ್ದೆ ಅಂಚಿಗೆ ಹೋದ ಮೇಲೆ ನಗ್ತಿದ್ರು, ತುಂಬಾ ನಗ್ತಿದ್ರು, ಒಬ್ಬಳು ನಮ್ಮಮ್ಮನ ದನೀಲೇ ಏನೋ ಹೇಳ್ತಿದ್ಲು, ಉಳಿದವರು ಸೆರಗು ಬಾಯಿಗೆ ಇಟ್ಕೊಳ್ತಿದ್ರು. ಅದನ್ನೂ ನಾನು ಜಗಲಿಯಿಂದಲೇ ಕೇಳಿದ್ದೆ. ಅದನ್ನ ಬರೀಲಿಲ್ಲ.

ಆ ತುಂಡು ಕಾಗದ ಬಿಸಾಡ್ಬೇಡಿ. ಇಲ್ಲಿ ಮತ್ತೆ ಅಂಥದ್ದೇನಾದ್ರೂ ಕಂಡ್ರೆ ಅದನ್ನೂ ಕತ್ತರಿಸಿ ಎರಡೂ ಸೇರಿಸಿ ಕಳಿಸಿ, ಅಂಚೆ ಖರ್ಚು ನನ್ನದು.